ಕೊನೇ ಬಸ್ಸಿಗೆ ಎದ್ದುಹೋದ ವಿಮರ್ಶಕ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಹತ್ತಿರ ಒಂದು ಹಳೇ ಫೈಲು ಇದೆ. ಅದರ ತುಂಬ ನಾಟಕದ ಪೇಪರ್ ಕಟಿಂಗುಗಳು. ಎಲ್ಲಾ ನಮ್ಮ ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವು. ಮೊನ್ನೆ ಜಡಿಮಳೆ ಹಿಡಿದು ಮನೆಯಲ್ಲೇ ಕೂತಿದ್ದಾಗ ಒಂದೊಂದಾಗಿ ತೆಗೆದು ಓದಿದೆ. ಓದುತ್ತಾ ಓದುತ್ತಾ ನಗು ಬಂತು. 'ಕಲಾವಿದರು ಮನೋಜ್ಞವಾಗಿ ಅಭಿನಯಿಸಿದರು.' 'ನಾಟಕವು ಪ್ರೇಕ್ಷಕರ ಮನಸೂರೆಗೊಂಡಿತು.' 'ಕಿಕ್ಕಿರಿದ ಸಭಿಕರು ಮಂತ್ರಮುಗ್ಧರಾದರು.' ಊರು ಬೇರೆ, ತಂಡ ಬೇರೆ, ನಾಟಕ ಬೇರೆ. ಮಾತು ಮಾತ್ರ ಅದೇ. ಒಂದು ಕಟಿಂಗಿನಲ್ಲಿ ದೀಪ ಹಚ್ಚಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಎಲ್ಲರ ಹೆಸರೂ ಇದೆ. ಕೊನೇ ಸಾಲಿನಲ್ಲಿ 'ನಂತರ ನಾಟಕ ಪ್ರದರ್ಶನಗೊಂಡಿತು' ಅಂತ ಇದೆ. ಯಾವ ನಾಟಕ ಅಂತ ಇಲ್ಲ! ಜೊತೆಗಿರುವ ಫೋಟೋದಲ್ಲಿ ದೀಪದ ಸುತ್ತ ಆರು ಜನ ನಿಂತಿದ್ದಾರೆ. ಆರರಲ್ಲಿ ಒಬ್ಬರೂ ಬಣ್ಣ ಹಚ್ಚಿಕೊಂಡವರಲ್ಲ.

ಇದಕ್ಕೆ ವರದಿಗಾರನನ್ನು ಬೈದು ಪ್ರಯೋಜನ ಇಲ್ಲ. ಅವನಿಗೆ ಅದೇ ಸಂಜೆ ಮೂರು ಕಾರ್ಯಕ್ರಮ ಇರುತ್ತವೆ. ನಮ್ಮ ಸಭಾ ಕಾರ್ಯಕ್ರಮ ಮುಗಿಯುವುದೇ ಎಂಟೂವರೆಗೆ. ನಾಟಕದ ಮೊದಲ ಗಂಟೆ ಹೊಡೆಯುವಾಗ ಅವನು ಬೈಕ್ ಸ್ಟಾರ್ಟ್ ಮಾಡಿರುತ್ತಾನೆ. ಅವನ ಕೆಲಸ ಸುದ್ದಿ. ನಾಟಕವನ್ನು ಕೂತು ನೋಡಿ, ಹೇಗಿತ್ತು, ಎಲ್ಲಿ ಸೋತಿತು, ಯಾಕೆ ಸೋತಿತು ಅಂತ ಬರೆಯುವುದು ಬೇರೆಯವರ ಕೆಲಸ. ಆ ಬೇರೆಯವರು ನಮ್ಮ ಕಡೆ ಯಾರಿದ್ದಾರೆ ಅಂತ ನೋಡಿದರೆ, ಹೆಚ್ಚುಕಮ್ಮಿ ಯಾರೂ ಇಲ್ಲ.

ಹಾಗಂತ ಮನ್ನಣೆಗೆ ಬರ ಇದೆಯಾ? ಅದೂ ಇಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟು ಹಾಕಿದ ಸನ್ಮಾನಪತ್ರ, ಇವಕ್ಕೆ ಮಲೆನಾಡಿನಲ್ಲಿ ಯಾವತ್ತೂ ಕೊರತೆ ಆಗಿಲ್ಲ. ನನಗೆ ಗೊತ್ತಿರುವ ಒಬ್ಬ ಹಿರಿಯ ನಟರ ಮನೆಯಲ್ಲಿ ಒಂದು ಟ್ರಂಕು ತುಂಬ ಶಾಲುಗಳಿವೆ. ಅವರ ಮನೆಯವರು ತಮಾಷೆ ಮಾಡುತ್ತಾರೆ, 'ಹೊದೆಯಲಿಕ್ಕೆ ತೆಳು, ನೆಲ ಒರೆಸಲಿಕ್ಕೆ ಜಾರತ್ತೆ' ಅಂತ. ಆ ನಟರು ಒಮ್ಮೆ ನನಗೆ ಹೇಳಿದ್ದು ಬೇರೆ. 'ಮೇಷ್ಟ್ರೇ, ಮೂವತ್ತು ವರ್ಷ ಆಯ್ತು ಬಣ್ಣ ಹಚ್ಚಿ. ನಿನ್ನ ಪಾತ್ರ ಇಂಥಾ ಕಡೆ ಕೆಟ್ಟಿತು ಅಂತ ಒಬ್ಬರೂ ಬರೀಲಿಲ್ಲ ನೋಡಿ.' ಹೊಗಳಿದ್ದು ಸಾಲದು ಅಂತ ಅವರು ಹೇಳಿದ್ದಲ್ಲ. ತನ್ನನ್ನು ಯಾರೂ ಸರಿಯಾಗಿ ನೋಡಲೇ ಇಲ್ಲ ಅನ್ನುವ ಸಂಕಟ ಅದು.

ಇಲ್ಲಿ ಸ್ವಲ್ಪ ದೂರದ ಒಂದು ವಿಷಯ ಹೇಳುತ್ತೇನೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಅಂತ ನಾಟಕಮಂದಿರಗಳ ಪ್ರದೇಶ ಇದೆ. ಅಲ್ಲಿನ ನಾಟಕಗಳಿಗೆ 1947ರಿಂದ ಟೋನಿ ಪ್ರಶಸ್ತಿ ಕೊಡುತ್ತಾ ಬಂದಿದ್ದಾರೆ. ಆದರೆ ಅಮೆರಿಕದ ರಂಗಭೂಮಿ ಅಂದರೆ ಬ್ರಾಡ್‌ವೇ ಒಂದೇ ಅಲ್ಲವಲ್ಲ. ಬೇರೆ ಬೇರೆ ಊರುಗಳಲ್ಲಿ ಒಳ್ಳೊಳ್ಳೆ ತಂಡಗಳು ವರ್ಷಾನುಗಟ್ಟಲೆ ದುಡಿಯುತ್ತಿದ್ದವು. ಅಂಥ ಪ್ರಾದೇಶಿಕ ರಂಗಸಂಸ್ಥೆಗೆ 1976ರಿಂದ ಒಂದು ಟೋನಿ ಕೊಡಲು ಶುರು ಮಾಡಿದರು. ಆ ವರ್ಷ ಅದು ವಾಷಿಂಗ್ಟನ್ ನಗರದ ಅರೀನಾ ಸ್ಟೇಜ್‌ಗೆ ಹೋಯಿತು. ನನಗೆ ಇಷ್ಟವಾದದ್ದು ಪ್ರಶಸ್ತಿಯಲ್ಲ, ಅದರ ಹಿಂದಿನ ಏರ್ಪಾಡು. ಯಾವ ಸಂಸ್ಥೆಗೆ ಕೊಡಬೇಕು ಅಂತ ಶಿಫಾರಸು ಮಾಡುವುದು ಅಲ್ಲಿನ ರಂಗವಿಮರ್ಶಕರ ಸಂಘ. 1974ರಲ್ಲಿ ಹುಟ್ಟಿದ ಸಂಘ ಅದು. ಅದರ ಸದಸ್ಯರು ನ್ಯೂಯಾರ್ಕಿನಲ್ಲೇ ಕೂತವರಲ್ಲ. ದೇಶದ ಬೇರೆ ಬೇರೆ ಊರುಗಳಲ್ಲಿದ್ದು, ಅಲ್ಲಲ್ಲಿನ ನಾಟಕ ನೋಡಿ, ಅಲ್ಲಲ್ಲಿನ ಪತ್ರಿಕೆಗಳಿಗೆ ಬರೆಯುವವರು. ಅಂದರೆ ಒಂದು ತಂಡದ ಹೆಸರು ಎತ್ತುವ ಮೊದಲು ಆ ತಂಡದ ನಾಟಕ ನೋಡಿಕೊಂಡು ಬಂದವರು ಯಾರೋ ಇರುತ್ತಾರೆ. ನ್ಯೂಯಾರ್ಕಿನ ಹೊರಗೆ ಮೊದಲ ಪ್ರದರ್ಶನ ಕಂಡ ಹೊಸ ನಾಟಕಗಳನ್ನೂ ಈ ಸಂಘ 1977ರಿಂದ ಗುರುತಿಸುತ್ತಿದೆ.

ಇದನ್ನು ಹಾಗೇ ಎತ್ತಿ ತಂದು ಸಾಗರದಲ್ಲೋ ಸೊರಬದಲ್ಲೋ ನೆಡಲಿಕ್ಕೆ ಆಗುವುದಿಲ್ಲ, ಬಿಡಿ. ಅಲ್ಲಿ ಒಂದು ನಾಟಕ ತಿಂಗಳುಗಟ್ಟಲೆ ನಡೆಯುತ್ತದೆ. ಮೊದಲ ದಿನ ವಿಮರ್ಶಕ ಬರೆದದ್ದು ಮಾರನೇ ದಿನದ ಟಿಕೆಟ್ ಮಾರಾಟದಲ್ಲಿ ಕಾಣುತ್ತದೆ. ನಮ್ಮಲ್ಲಿ ಹವ್ಯಾಸಿ ತಂಡ ಎರಡು ತಿಂಗಳು ತಾಲೀಮು ಮಾಡುತ್ತದೆ. ಒಂದು ಪ್ರದರ್ಶನ. ಅದೃಷ್ಟ ಇದ್ದರೆ ಎರಡು. ವಿಮರ್ಶೆ ಅಚ್ಚಾಗಿ ಬರುವ ಹೊತ್ತಿಗೆ ಸೀನರಿ ಬಿಚ್ಚಿ ವಾಪಸ್ ಕಳಿಸಿ ಆಗಿರುತ್ತದೆ. ನಟರು ತೋಟದಲ್ಲಿರುತ್ತಾರೆ, ಅಂಗಡಿಯಲ್ಲಿರುತ್ತಾರೆ. ಹಾಗಿದ್ದಮೇಲೆ ವಿಮರ್ಶೆ ಯಾರಿಗೆ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಪುಸ್ತಕದಿಂದ ಅಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ.

ಆಗ ನಾನು ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ಒಂದು ಪತ್ರಿಕೆಗೆ ನಾಟಕದ ಬಗ್ಗೆ ಬರೆಯುತ್ತಿದ್ದೆ. ಸಾಗರದಿಂದ ಒಳಗೆ ಒಂದು ಹಳ್ಳಿ. ಡಿಸೆಂಬರ್ ತಿಂಗಳು, ಅಡಿಕೆ ಸುಗ್ಗಿ. ಮನೆ ಮನೆಯಲ್ಲೂ ರಾತ್ರಿ ಅಡಿಕೆ ಸುಲಿಯುವ ಕೆಲಸ. ಅದರ ನಡುವೆಯೇ ತಾಲೀಮು ಮಾಡಿ ಊರಿನ ಹುಡುಗರು ನಾಟಕ ಹಾಕಿದ್ದರು. ದುರ್ಯೋಧನನ ಕೊನೇ ದಿನದ ಕಥೆ. ಬರೆದವರೂ ಊರಿನವರೇ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಮೊದಲರ್ಧ ಪೂರ್ತಿ ದುರ್ಯೋಧನ ಕೂಗಿದ. ಕೂಗಿದ ಅಂದರೆ ಕೂಗಿದ. ಮೈಕು ಬೇಕಿರಲಿಲ್ಲ. ಮಧ್ಯಂತರದಲ್ಲಿ ಟೀ ಕೊಟ್ಟರು. ಗಡಿಯಾರ ನೋಡಿದೆ. ಕೊನೇ ಬಸ್ಸು ತಪ್ಪಿದರೆ ಶಿವಮೊಗ್ಗ 70 ಕಿಲೋಮೀಟರಿಗೂ ಜಾಸ್ತಿ. ಬೆಳಿಗ್ಗೆ ಮೊದಲನೇ ಪೀರಿಯಡ್ಡು ನನ್ನದೇ. ಸುಮ್ನೆ ಹಿಂದಿನಿಂದ ಜಾರಿಕೊಂಡೆ.

ವಿಮರ್ಶೆ ಬರೆದೆ. 'ದುರ್ಯೋಧನನ ಪಾತ್ರದಲ್ಲಿ ಅಬ್ಬರ ಜಾಸ್ತಿ, ಒಳಗಿನ ದುಃಖ ಕಾಣಲಿಲ್ಲ' ಅಂತ. ಒಳ್ಳೇ ಸಾಲು ಬರೆದೆ ಅಂತ ಒಳಗೊಳಗೇ ಖುಷಿಯೂ ಆಗಿತ್ತು.

ಹದಿನೈದು ದಿನ ಬಿಟ್ಟು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಆ ದುರ್ಯೋಧನ ಸಿಕ್ಕಿದ. ಸಣ್ಣ ಹುಡುಗ, ಇಪ್ಪತ್ತೈದಿರಬಹುದು. ಕೈಯಲ್ಲಿ ಗೊಬ್ಬರದ ಚೀಲ. ನಮಸ್ಕಾರ ಮಾಡಿ, 'ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ಲಾ? ನೀವು ಕೊನೇವರೆಗೂ ಇದ್ರಾ?' ಅಂದ. ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಅವನೂ ಮತ್ತೆ ಕೆದಕಲಿಲ್ಲ. 'ಫೆಬ್ರವರಿಯಲ್ಲಿ ಪಕ್ಕದೂರ ಶಾಲೆ ವಾರ್ಷಿಕೋತ್ಸವಕ್ಕೆ ಮತ್ತೆ ಆಡ್ತೀವಿ, ಬನ್ನಿ. ನಮ್ಮನೇಲಿ ಉಳ್ಕೊಂಡ್ರಾಯ್ತು' ಅಂತ ಹೇಳಿ ಬಸ್ ಹತ್ತಿದ.

ಹೋದೆ. ಈ ಸಲ ಕೊನೇವರೆಗೂ ಕೂತೆ. ದ್ವಿತೀಯಾರ್ಧದಲ್ಲಿ ಆ ಹುಡುಗ ಹತ್ತು ಮಾತೂ ಆಡಲಿಲ್ಲ. ರಂಗದ ಮೇಲೆ ಒಂದು ತಾಮ್ರದ ಹಂಡೆ ಇಟ್ಟಿದ್ದರು, ಅದೇ ಕೊಳ. ಅದರ ಪಕ್ಕ ಕೂತು, ನೀರಿಗೆ ಕೈ ಅದ್ದಿ, ಕೈ ತೊಳೆಯುತ್ತಾನೆ. ಅಷ್ಟೇ. ಮೊದಲರ್ಧದ ಕೂಗೆಲ್ಲ ಈ ಮೌನಕ್ಕೆ ಹಾಕಿದ ಅಡಿಪಾಯ. ನಾನು ಅಡಿಪಾಯ ನೋಡಿ ಮನೆಗೆ ಮಾರ್ಕು ಕೊಟ್ಟಿದ್ದೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ನಾಟಕ ಮುಗಿದ ಮೇಲೆ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಸೊಸೆಗೆ ಹೇಳುತ್ತಿದ್ದರು. 'ಚೆನ್ನಾಗೇ ಮಾಡ್ದ. ಆದ್ರೆ ಮೊದಲನೇ ಸಲದ ಹಾಗೆ ಆಗಲಿಲ್ಲ. ಅವತ್ತು ಕೈ ಕಪ್ಪಿತ್ತು.' ನಾನು ಕಿವಿ ನಿಮಿರಿಸಿದೆ. ವಿಷಯ ಏನು ಅಂದರೆ, ಡಿಸೆಂಬರಿನಲ್ಲಿ ಆ ಹುಡುಗನ ಕೈ ತುಂಬ ಅಡಿಕೆ ಕಲೆ. ಹಸಿ ಅಡಿಕೆ ಸುಲಿದವರಿಗೆ ಗೊತ್ತು, ಅದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮುಖಕ್ಕೆ ಬಣ್ಣ ಹಚ್ಚಿದ್ದರು, ಕೈಗೆ ಹಚ್ಚಿರಲಿಲ್ಲ. ಹಂಡೆಯ ನೀರಲ್ಲಿ ದುರ್ಯೋಧನ ಕೈ ತೊಳೆಯುತ್ತಾನೆ, ತೊಳೆಯುತ್ತಾನೆ, ಕಪ್ಪು ಹೋಗುವುದೇ ಇಲ್ಲ. ಎದುರಿಗೆ ಕೂತವರ ಕೈಯೂ ಅವತ್ತು ಅಷ್ಟೇ ಕಪ್ಪು. ಜನ ಉಸಿರು ಹಿಡಿದು ಕೂತಿದ್ದರಂತೆ. ನಿರ್ದೇಶಕರು ಯೋಚನೆ ಮಾಡಿ ಹಾಗೆ ಬಿಟ್ಟರೋ, ತಾನಾಗೇ ಆಗಿದ್ದೋ, ನನಗೆ ತಿಳಿಯಲಿಲ್ಲ. ಫೆಬ್ರವರಿ ಹೊತ್ತಿಗೆ ಸುಗ್ಗಿ ಮುಗಿದಿತ್ತು. ಕೈ ಬೆಳ್ಳಗಾಗಿತ್ತು.

ಆ ದೃಶ್ಯ ಇನ್ನು ಯಾರಿಗೂ ಸಿಗುವುದಿಲ್ಲ. ಅದನ್ನು ಬರೆದಿಡಬೇಕಾಗಿದ್ದ ಒಬ್ಬ ಮನುಷ್ಯ ಅವತ್ತು ಆನಂದಪುರ ದಾಟಿ ಬಸ್ಸಿನಲ್ಲಿ ತೂಕಡಿಸುತ್ತಿದ್ದ.

ಒಂದೇ ಪ್ರದರ್ಶನದ ರಂಗಭೂಮಿಗೆ ವಿಮರ್ಶಕ ಬೇಕಾಗುವುದು ಈ ಕಾರಣಕ್ಕೆ. ಟಿಕೆಟ್ ಮಾರಲಿಕ್ಕಲ್ಲ. ನೆನಪಿಡಲಿಕ್ಕೆ. ಮುಂದಿನ ನಾಟಕದ ತಾಲೀಮಿನ ಹೊತ್ತಿಗೆ, ಹೋದ ಸಲ ಹೀಗಾಯ್ತು ನೋಡಿ ಅಂತ ತೋರಿಸಲಿಕ್ಕೆ. ಅದಕ್ಕೆ ಅವನು ಅದೇ ತಂಡವನ್ನು ನಾಲ್ಕಾರು ವರ್ಷ ಬಿಡದೆ ನೋಡಿರಬೇಕು. ಬೆಂಗಳೂರಿನಿಂದ ಒಂದು ದಿನಕ್ಕೆ ಬಂದು ಹೋಗುವ ದೊಡ್ಡ ಹೆಸರಿಗಿಂತ, ಇಲ್ಲೇ ಇರುವ ಸಾಧಾರಣ ಬರಹಗಾರ ಈ ಕೆಲಸಕ್ಕೆ ಹೆಚ್ಚು ಸೈ. ಅವನಿಗೆ ಬಸ್ ಚಾರ್ಜು, ಬರೆಯಲು ಅರ್ಧ ಪುಟ, ಒಂದಿಷ್ಟು ಸಂಭಾವನೆ ಕೊಡುವವರು ಬೇಕು, ಅಷ್ಟೇ. 'ಅಷ್ಟೇ' ಅಂದೆ. ಅದೇ ಸಿಗುವುದಿಲ್ಲ ನೋಡಿ.

ನಮ್ಮ ಜನಕ್ಕೆ ವಿಮರ್ಶೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಟೀ ಅಂಗಡಿಗೆ ಬಂದವರ ಮಾತು ಕೇಳಿ. ಭಾಗವತರು ಯಾವ ಪದ್ಯವನ್ನು ಎಳೆದರು, ಯಾರ ಕೌರವನ ಮುಂದೆ ಯಾರ ಕೌರವ ಸಪ್ಪೆ, ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಯಾವ ಅರ್ಥಧಾರಿ ಎಲ್ಲಿ ದಾರಿ ತಪ್ಪಿದ, ಎಲ್ಲ ಬರುತ್ತದೆ. ದಾಕ್ಷಿಣ್ಯವೇ ಇಲ್ಲ. ಅದೆಲ್ಲ ಟೀ ಲೋಟದ ಜೊತೆಗೇ ತೊಳೆದು ಹೋಗುತ್ತದೆ ಅನ್ನುವುದಷ್ಟೇ ಬೇಜಾರು.

ಹೆಗ್ಗೋಡಿನ ನೀನಾಸಂ ಈ ಬೆಳಗಿನ ಮಾತಿಗೆ ಒಂದು ಜಾಗ ಮಾಡಿಕೊಟ್ಟಿತು. ಅಡಿಕೆ ಬೆಳೆಗಾರರ ಊರಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಘ ಅದು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ 'ತಿರುಗಾಟ' ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಎಲ್ಲರಿಗೂ ನೆನಪಿದೆ. ನಾವು ಭಾಷಣಗಳಲ್ಲಿ ಹೇಳುವುದೂ ಅದನ್ನೇ. ನನಗೆ ಮಾತ್ರ ಅದಕ್ಕಿಂತ ದೊಡ್ಡದು ಅಂತ ಕಾಣುವುದು ಅಲ್ಲಿನ ಸಂಸ್ಕೃತಿ ಶಿಬಿರದ ಬೆಳಗು. ರಾತ್ರಿ ನಾಟಕ, ಬೆಳಿಗ್ಗೆ ಅದರ ಮೇಲೆ ಚರ್ಚೆ. ನಾಟಕ ಮಾಡಿಸಿದವರು ಎದುರಿಗೇ ಇರುತ್ತಾರೆ. ದೊಡ್ಡ ವಿಮರ್ಶಕರೂ ಮಾತಾಡುತ್ತಾರೆ, ಮೊದಲ ಸಲ ನಾಟಕ ನೋಡಿದ ಹುಡುಗಿಯೂ ಎದ್ದು ನಿಂತು 'ನನಗೆ ಅರ್ಥ ಆಗಲಿಲ್ಲ' ಅನ್ನುತ್ತಾಳೆ. ಅದಕ್ಕೆ ಯಾರಾದರೂ ಉತ್ತರ ಹೇಳಲೇಬೇಕು. ಶಾಲು ಹೊದೆಸಿ ಕಳಿಸಿಬಿಡುವುದಕ್ಕಿಂತ ಇದು ಎಷ್ಟೋ ಕಷ್ಟದ ಮರ್ಯಾದೆ, ಅಲ್ವಾ?

ಆದರೆ ಮಲೆನಾಡಿಗೆಲ್ಲ ಹೆಗ್ಗೋಡು ಒಂದೇ ಅಲ್ಲ. ಶಿವಮೊಗ್ಗದಲ್ಲಿ ಸರ್ಕಾರದ ರಂಗಸಂಸ್ಥೆ ರಂಗಾಯಣ ಇದೆ. ಶರಾವತಿ ಹಿನ್ನೀರಿನ ಆಚೆಯ ತುಮರಿಯಿಂದ ಕಿನ್ನರ ಮೇಳ ಮಕ್ಕಳ ನಾಟಕಗಳನ್ನು ಊರೂರಿಗೆ ಕೊಂಡೊಯ್ದಿದೆ. ಮೊದಲೆಲ್ಲ ತುಮರಿಗೆ ಹೋಗಿ ಅಂದರೆ 'ಲಾಂಚ್ ಸಂಜೆಗೇ ನಿಲ್ಲತ್ತೆ' ಅಂತ ಒಂದು ನೆಪ ಇತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು. ಈಗ ಆ ನೆಪವೂ ಹೋಯಿತು. ಇನ್ನು ಹೆಸರೇ ಇಲ್ಲದ, ವರ್ಷಕ್ಕೊಂದು ನಾಟಕ ಆಡುವ ಊರ ತಂಡಗಳ ಲೆಕ್ಕ ಇಟ್ಟವರು ಯಾರು?

ದೂರದ ದೊಡ್ಡ ಉತ್ಸವಕ್ಕೆ ಹೋಗಬೇಕು ಅಂದರೆ ಮೊದಲು ವಿಡಿಯೋ ಕಳಿಸಿ ಅನ್ನುತ್ತಾರೆ. ನಮ್ಮ ತಂಡಗಳು ಮದುವೆ ವಿಡಿಯೋ ಮಾಡುವ ಹುಡುಗನನ್ನು ಕರೆಸುತ್ತವೆ. ಅವನಿಗೆ ಅಭ್ಯಾಸ, ಯಾರು ಮಾತಾಡುತ್ತಾರೋ ಅವರ ಮುಖವನ್ನೇ ದೊಡ್ಡದು ಮಾಡಿ ಹಿಡಿಯುತ್ತಾನೆ. ಆ ದುರ್ಯೋಧನನ ನಾಟಕವನ್ನು ಅವನು ಹಿಡಿದಿದ್ದರೆ ಮೊದಲರ್ಧದ ಕೂಗೆಲ್ಲ ಬರುತ್ತಿತ್ತು. ಹಂಡೆ ಹತ್ತಿರದ ಕೈ ಬರುತ್ತಿರಲಿಲ್ಲ.

ಆ ಫೆಬ್ರವರಿ ರಾತ್ರಿ ನಾನು ಹುಡುಗನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ತೆಳ್ಳೇವು, ಅಂದರೆ ತೆಳು ದೋಸೆ, ಜೋನಿ ಬೆಲ್ಲ ಹಾಕಿದರು. ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ, 'ಆದರೂ ಮೊದಲರ್ಧದಲ್ಲಿ ಎರಡು ಕಡೆ ಕೂಗು ಕಮ್ಮಿ ಮಾಡಬಹುದಿತ್ತು' ಅಂದೆ. ಹುಡುಗ ಒಪ್ಪಲಿಲ್ಲ. ಯಾವ ಎರಡು ಕಡೆ ಅಂತ ಕೇಳಿದ. ಹೇಳಿದೆ. ಅಲ್ಲೇ ಜಗಲಿಯಲ್ಲಿ ಎದ್ದು ನಿಂತು ಆ ಮಾತನ್ನು ಮೆಲ್ಲಗೆ ಹೇಳಿ ನೋಡಿದ. ತಲೆ ಅಲ್ಲಾಡಿಸಿದ. ಮತ್ತೆ ಜೋರಾಗಿ ಹೇಳಿದ. ಒಳಗಿಂದ ಅವನ ಅಮ್ಮ, 'ಮೆಲ್ಲಗೆ ಹೇಳಿದ್ದೇ ಚೆನ್ನಾಗಿತ್ತು ಕಣೋ' ಅಂದರು. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಇನ್ನೊಂದು ತೆಳ್ಳೇವು ಹಾಕಿಸಿಕೊಂಡೆ.

ನಮಸ್ಕಾರ.