ಹನ್ನೊಂದು ಊರು, ಒಂದು ಗುಡಿ

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ಇರುವವರು ಕೈ ನಿಲ್ಲಿಸಬೇಡಿ, ಕಿವಿ ಈ ಕಡೆ ಇದ್ದರೆ ಸಾಕು.

ರೋಮ್ ಗೆದ್ದ ಮೇಲೆ ಗ್ರೀಕ್ ಊರುಗಳು ಬಾಯಿ ಮುಚ್ಚಿಕೊಂಡು ಕೂತವು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಸುಮ್ನೆ ಮಾತು. ಒಂದೊಂದು ಪ್ರಾಂತದ ಊರುಗಳು ಸೇರಿ ಒಕ್ಕೂಟ ಮಾಡಿಕೊಂಡಿದ್ದವು. ಗ್ರೀಕರು ಅದನ್ನು ಕೊಯ್ನಾನ್ ಅನ್ನುತ್ತಿದ್ದರು. ಎಲ್ಲರಿಗೂ ಸೇರಿದ್ದು ಅಂತ ಅರ್ಥ. ಊರೂರಿಂದ ಪ್ರತಿನಿಧಿಗಳು ಬಂದು ಚಕ್ರವರ್ತಿಗೆ ಪೂಜೆ, ಉತ್ಸವ, ಆಟದ ಪಂದ್ಯ ನಡೆಸುತ್ತಿದ್ದರು. ಓದಿದವರೂ ಇಷ್ಟು ಹೇಳಿ ಎದ್ದುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಪೂಜೆಗೆ ಸೇರಿದವರು ದೂರು ಕೊಡುವುದಕ್ಕೂ ಸೇರುತ್ತಿದ್ದರು. ಇವತ್ತು ಇದೊಂದು ನೆನಪಿಟ್ಟುಕೊಳ್ಳಿ.

ಕ್ರಿ.ಶ. 23. ಏಷ್ಯಾ ಅನ್ನುವ ಪ್ರಾಂತ, ಈಗಿನ ಟರ್ಕಿಯ ಪಶ್ಚಿಮ ಭಾಗ. ಅಲ್ಲಿ ಚಕ್ರವರ್ತಿ ಟೈಬೀರಿಯಸ್‌ನ ಸ್ವಂತ ಆಸ್ತಿಗೆ ಲುಸಿಲಿಯಸ್ ಕ್ಯಾಪಿಟೊ ಎಂಬ ಪಾರುಪತ್ಯಗಾರ. ಆಳುಕಾಳು, ದುಡ್ಡುಕಾಸು ನೋಡಿಕೊಂಡಿರಪ್ಪಾ ಅಂದರೆ, ಸೈನಿಕರನ್ನು ಇಟ್ಟುಕೊಂಡು ಗವರ್ನರ್ ಥರ ದರ್ಬಾರು ಶುರು ಮಾಡಿದ. ಪ್ರಾಂತದವರು ನೇರ ರೋಮಿನ ಸೆನೆಟ್‌ಗೆ ದೂರು ಒಯ್ದರು. ಟೈಬೀರಿಯಸ್ ತನ್ನವನೇ ಅಂತ ಕಾಪಾಡಲಿಲ್ಲ. ಶಿಕ್ಷೆ ಆಯಿತು. ಹಿಂದಿನ ವರ್ಷ ಸಿಲಾನಸ್ ಅನ್ನುವ ಗವರ್ನರ್‌ಗೂ ಇದೇ ಗತಿ.

ಆ ಖುಷಿಗೆ ಏಷ್ಯಾದ ಊರುಗಳವರು ಟೈಬೀರಿಯಸ್, ಅವನ ತಾಯಿ, ಸೆನೆಟ್ ಮೂವರಿಗೂ ಸೇರಿ ಒಂದು ಗುಡಿ ಕಟ್ಟುತ್ತೇವೆ ಅಂದರು. ಎಲ್ಲಿ? ಶುರುವಾಯಿತು ನೋಡಿ ಜಗಳ! ಕ್ರಿ.ಶ. 26ರಲ್ಲಿ ಹನ್ನೊಂದು ಊರುಗಳು ಸೆನೆಟ್ ಮುಂದೆ ನಿಂತವು. ಟೈಬೀರಿಯಸ್ ತಾನೇ ಹಲವು ದಿನ ಕೂತು ಕೇಳಿದ. ಹಾಲಿಕಾರ್ನಾಸಸ್‌ನವರು, ನಮ್ಮಲ್ಲಿ 1,200 ವರ್ಷದಿಂದ ಭೂಕಂಪ ಆಗಿಲ್ಲ, ಬಂಡೆ ಮೇಲೇ ಪಾಯ ಹಾಕುತ್ತೇವೆ ಅಂದರು. ಇಲಿಯಮ್, ಅಂದರೆ ಹಳೇ ಟ್ರಾಯ್‌ನವರು, ಟ್ರಾಯ್ ಅಂದರೆ ರೋಮಿನ ತವರುಮನೆ ಅಲ್ವಾ ಅಂದರು. ಹಳೇ ಹೆಸರು ಬಿಟ್ಟರೆ ನಿಮ್ಮ ಹತ್ತಿರ ಏನಿದೆ ಅಂತ ಅವರನ್ನು ಕಳಿಸಿದ್ದಾಯಿತು. ಪೆರ್ಗಮಮ್‌ಗೆ, ನಿಮ್ಮಲ್ಲಿ ಆಗಲೇ ಹಿಂದಿನ ಚಕ್ರವರ್ತಿ ಆಗಸ್ಟಸ್ ಗುಡಿ ಇದೆ, ಸಾಕು. ಎಫೆಸಸ್‌ಗೆ, ನಿಮಗೆ ಆರ್ಟೆಮಿಸ್ ದೇವಿಯ ಸೇವೆಯೇ ಜಾಸ್ತಿ.

ಕೊನೆಗೆ ಉಳಿದದ್ದು ಸಾರ್ಡಿಸ್ ಮತ್ತು ಸ್ಮಿರ್ನಾ. ಸ್ಮಿರ್ನಾದವರು ಒಂದು ಹಳೇ ಕಥೆ ಬಿಚ್ಚಿದರು. ಹಿಂದೆ ರೋಮಿನ ಸೇನಾಪತಿ ಸುಲ್ಲಾನ ಸೈನ್ಯ ಚಳಿಗಾಲದಲ್ಲಿ ಬಟ್ಟೆಯಿಲ್ಲದೆ ನಡುಗುತ್ತಿತ್ತು. ಸ್ಮಿರ್ನಾದ ಸಭೆಯಲ್ಲಿ ಆ ಸುದ್ದಿ ಹೇಳಿದರು. ಅಲ್ಲಿದ್ದವರೆಲ್ಲ ನಿಂತಲ್ಲೇ ಮೈಮೇಲಿನ ಬಟ್ಟೆ ತೆಗೆದು ಸೈನಿಕರಿಗೆ ಕಳಿಸಿಕೊಟ್ಟರಂತೆ. ಗುಡಿ ಸ್ಮಿರ್ನಾಗೆ ಸಿಕ್ಕಿತು. ಈಗಿನ ಇಜ್ಮಿರ್ ಅದೇ. ಆ ಗುಡಿಯನ್ನು ಅವರು ನಾಣ್ಯದ ಮೇಲೂ ಹಾಕಿಸಿಕೊಂಡರು. ನಾಲ್ಕು ಕಂಬ, ನಡುವೆ ನಿಂತ ಟೈಬೀರಿಯಸ್. ನನಗೆ ಮಾತ್ರ ಆ ನಾಣ್ಯ ನೋಡಿದಾಗೆಲ್ಲ ಕ್ಯಾಪಿಟೊನೇ ನೆನಪಾಗುತ್ತಾನೆ.

ಅಯ್ಯೋ, ಸಮಯ ಓಡಿಹೋಯಿತು. ಪಕ್ಕದ ಲಿಕಿಯಾ ಅನ್ನುವ ನಾಡಿನ ಒಕ್ಕೂಟದ ಬಗ್ಗೆ ಎಷ್ಟೊಂದು ಹೇಳಬೇಕಿತ್ತು. ಇರಲಿ. ಬಿಥೀನಿಯಾ, ಅಂದರೆ ಈಗಿನ ಟರ್ಕಿಯ ವಾಯುವ್ಯದ ಪ್ರಾಂತ, ಅದೊಂದನ್ನು ಹೇಳಿ ಮುಗಿಸುತ್ತೇನೆ. ಅಲ್ಲಿಯವರು ಕೆಲವೇ ವರ್ಷಗಳಲ್ಲಿ ಬಾಸಸ್, ವರೇನಸ್ ಅಂತ ಇಬ್ಬರು ಮಾಜಿ ಗವರ್ನರ್‌ಗಳ ಮೇಲೆ ರೋಮಿನಲ್ಲಿ ದೂರು ಹಾಕಿದರು. ಮತ್ತೆ ಅದೇ ದೂರು, ನೋಡಿ! ಇಬ್ಬರ ಪರವಾಗಿಯೂ ವಾದಿಸಿದವನು ರೋಮಿನ ವಕೀಲ ಪ್ಲಿನಿ. ಆಮೇಲೆ ಟ್ರೇಜನ್ ಚಕ್ರವರ್ತಿ ಬಿಥೀನಿಯಾಗೆ ಗವರ್ನರ್ ಮಾಡಿ ಯಾರನ್ನು ಕಳಿಸಿದ ಅಂತೀರಿ? ಅದೇ ಪ್ಲಿನಿಯನ್ನು.

ನಮಸ್ಕಾರ.