ಐದು ಕಾಲಿನ ಎಮ್ಮೆ ಜಬ್ಲಾ ಮೇಲೆ ಬಂತು

ನಮಸ್ಕಾರ ಎಲ್ಲರಿಗೂ. ನನ್ನ ತಂಗಿಗೆ ಮಗ ಹುಟ್ಟಿದ್ದಾನೆ, ತೊಟ್ಟಿಲಿಗೆ ಹಾಕೋ ದಿನ ಹತ್ತಿರ ಬಂತು. ತಮ್ಮನಿಗೆ ಅಂತ ನನ್ನ ಮಗಳು ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಎಮ್ಮೆ ಚಿತ್ರ ತೆಗೆದಿದ್ದಾಳೆ. ಅದನ್ನ ಇವತ್ತು ಅವನ ಜಬ್ಲಾದ ಮೇಲೆ ಹೊಲೀತೀನಿ.

ಚಿತ್ರ ಹತ್ತಿರದಿಂದ ನೋಡಿ. ನಮ್ಮ ಧಾರವಾಡದ ಎಮ್ಮೆ ಇದು, ಕೊಂಬು ಹಿಂದಕ್ಕೆ ಬಾಗಿ ಬೆನ್ನಿನವರೆಗೂ ಹೋಗಿದೆ. ಕಾಲು ಐದಿವೆ. ಯಾಕ್ ಪುಟ್ಟಿ ಅಂತ ಕೇಳಿದ್ರೆ, "ಅದು ಓಡಾಕತ್ತೈತಿ ಮಮ್ಮಿ" ಅಂದಳು. ಕೆಳಗೆ ‘ಪುಟ್ಟ’ ಅಂತ ಬರೆದಿದ್ದಾಳೆ, ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ನಿಂತಿದೆ. ಇದ್ಯಾವುದನ್ನೂ ನಾನು ತಿದ್ದಲ್ಲ. ಒಂದು ಕಾಲು ತೆಗೆದುಬಿಟ್ರೆ ಅದು ಯಾರು ಬೇಕಾದ್ರೂ ತೆಗೆಯೋ ಎಮ್ಮೆ ಆಗುತ್ತೆ, ಅವಳದಾಗಿ ಉಳಿಯಲ್ಲ.

ಬಟ್ಟೆ ನಮ್ಮಪ್ಪನ ಹಳೇ ಧೋತರದ್ದು. ಒಗೆದು ಒಗೆದು ಮೆತ್ತಗಾಗಿದೆ, ಗಂಜಿ ಇಲ್ಲ, ಇನ್ನು ಕುಗ್ಗೋದೂ ಇಲ್ಲ. ಹಸುಗೂಸಿನ ಮೈಗೆ ಇದಕ್ಕಿಂತ ಒಳ್ಳೇ ಬಟ್ಟೆ ನನಗೆ ಗೊತ್ತಿಲ್ಲ. ನೀವು ಹೊಸ ಬಟ್ಟೆ ತಗೊಂಡ್ರೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಗೆದು, ಒಣಗಿಸಿ, ಆಮೇಲೆ ಕತ್ತರಿಸಿ. ಇಲ್ಲಾಂದ್ರೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ, ಕಸೂತಿ ಸುತ್ತ ನೆರಿಗೆ ಬೀಳುತ್ತೆ.

ಪ್ರಿಂಟ್ ಹಾಕಿಸಬಾರದಾ ಅಂತ ಕೇಳ್ತೀರಿ. ದೊಡ್ಡ ಮಕ್ಕಳ ಟೀ ಶರ್ಟಿಗೆ ಸರಿ. ಆದ್ರೆ ಇಸ್ತ್ರಿ ಒತ್ತಿ ಅಂಟಿಸೋ ಚಿತ್ರ ಪ್ಲಾಸ್ಟಿಕ್ ಹಾಳೆ ಥರ ಎದೆ ಮೇಲೆ ಕೂತ್ಕೊಳ್ಳುತ್ತೆ, ಅಲ್ಲಿ ಗಾಳಿ ಆಡಲ್ಲ. ಹಾಗಂತ ಮಾಮೂಲಿ ಎಂಬ್ರಾಯ್ಡರಿ ಮಾಡಿದ್ರೆ ಹಿಂದೆ ಗಂಟು, ದಾರದ ತುದಿ ಎಲ್ಲಾ ಮಗುವಿನ ಎದೆಗೆ ತಾಗುತ್ತೆ. ಅದಕ್ಕೇ ನಮ್ಮೂರ ಕಸೂತಿಯ ಗವಂತಿ ಹೊಲಿಗೆ ಹಿಡಿದಿದ್ದೀನಿ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಇವುಗಳಲ್ಲಿ ಗವಂತಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣ್ತವೆ. ನಮ್ಮವ್ವ ಯಾರದೇ ಕಸೂತಿ ಕೈಗೆ ಕೊಟ್ರೂ ಮೊದಲು ತಿರುಗಿಸಿ ನೋಡ್ತಾಳೆ. ಇಳಕಲ್ ಸೀರೆ ಮೇಲೆ ಗೋಪುರ, ತೇರು, ಆನೆ ತೆಗೆಯೋರು ಚಿತ್ರ ಬರ್ಕೊಳ್ಳಲ್ಲ, ಎಳೆ ಎಣಿಸ್ಕೊಂಡೇ ಹೊಲೀತಾರೆ, ಗೆರೆ ಎಲ್ಲಾ ನೇರ. ಮಗಳ ಎಮ್ಮೆಯಲ್ಲಿ ನೇರ ಗೆರೆ ಒಂದೂ ಇಲ್ಲ. ಹಾಗಾಗಿ ಇದನ್ನ ಪಕ್ಕಾ ಕಸೂತಿ ಅನ್ನಲ್ಲ, ಹೊಲಿಗೆ ಮಾತ್ರ ಅಲ್ಲಿಂದ ತಗೊಂಡಿದ್ದೀನಿ.

ಝೆರಾಕ್ಸ್ ಅಂಗಡಿಯಲ್ಲಿ ಚಿತ್ರ ಚಿಕ್ಕದು ಮಾಡಿಸಿದ್ದೀನಿ, ನಾಲ್ಕು ಇಂಚು ಅಗಲ ಸಾಕು. ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಇಟ್ಟು, ಪೆನ್ಸಿಲ್‌ನಿಂದ ಹಗುರವಾಗಿ ಎಳೀರಿ. ದಾರದಲ್ಲಿ ಆರು ಎಳೆ ಇರ್ತವೆ, ಎರಡೇ ಬಿಡಿಸ್ಕೊಳ್ಳಿ. ಕಪ್ಪು ದಾರ ಅಲ್ವಾ, ಮೊದಲು ಒದ್ದೆ ಬಿಳಿ ಬಟ್ಟೆ ಮಧ್ಯೆ ಒತ್ತಿ, ಬಣ್ಣ ಬಿಡುತ್ತಾ ನೋಡಿ.

ಈಗ ಸೂಜಿ ನೋಡಿ. ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಹೀಗೆ ಗೆರೆಯ ತುದಿವರೆಗೆ ಹೋಗೋದು. ಅದೇ ದಾರಿಯಲ್ಲಿ ವಾಪಸ್ ಬರ್ತಾ, ಬಿಟ್ಟ ಜಾಗ ತುಂಬೋದು. ಹೊಟ್ಟೆಯ ಗೆರೆಯಲ್ಲಿ ಹೋಗ್ತಾ ಕಾಲು ಸಿಕ್ಕಲ್ಲಿ ಕೆಳಗಿಳೀರಿ, ಗೊರಸು ಸುತ್ತಿ ಮೇಲೆ ಹತ್ತಿ, ಮುಂದಿನ ಕಾಲಿಗೆ ಹೋಗಿ. ಕೊಂಬಿನ ತಿರುವಿನಲ್ಲಿ ಹೊಲಿಗೆ ಸಣ್ಣದಾಗಬೇಕು, ಉದ್ದ ಹಾಕಿದ್ರೆ ಬಾಗು ಮುರಿಯುತ್ತೆ. ಗಂಟು ಹಾಕಲೇಬೇಡಿ. ದಾರದ ತುದಿ ಸ್ವಲ್ಪ ಬಿಟ್ಕೊಂಡಿದ್ದು, ಕೊನೆಗೆ ಹೊಲಿಗೆಗಳ ಅಡಿಯಲ್ಲೇ ನುಸುಳಿಸಿ ಕತ್ತರಿಸಿ. ಮೈ ಒಳಗೆ ಅವಳು ಕ್ರೇಯಾನ್ ಗೀಚಿದ್ದಾಳೆ, ಅದನ್ನ ತುಂಬಲ್ಲ, ತುಂಬಿದ್ರೆ ಬಟ್ಟೆ ಬಿರುಸಾಗುತ್ತೆ. ಕಣ್ಣಿಗೆ ಮಣಿ ಬೇಡವೇ ಬೇಡ. ಕಿತ್ತು ಬಂದ್ರೆ ನೇರ ಬಾಯಿಗೆ ಹೋಗುತ್ತೆ. ಎರಡು ಸಣ್ಣ ಹೊಲಿಗೆ ಸಾಕು.

ಚಿತ್ರ ಮುಗಿದ ಮೇಲೆ ಜಬ್ಲಾ ಹೊಲೀರಿ, ಲಾಡಿ ಮಗ್ಗುಲಿಗೆ ಇರಲಿ, ಕುತ್ತಿಗೆ ಹತ್ತಿರ ಬೇಡ. ಅವ್ವ ಈಗ ತಿರುಗಿಸಿ ನೋಡಿದಳು. "ಚಲೋ ಬಂದೈತಿ, ಆದ್ರ ಎಮ್ಮಿ ಈ ಕಡೆ ನೋಡಾಕತ್ತೈತಿ" ಅಂದಳು. ಒಳಗಿನ ಎಮ್ಮೆ ಎಡಕ್ಕೆ ಓಡ್ತಿದೆ, ಹೊರಗಿನದು ಬಲಕ್ಕೆ.

ಮುಂದಿನ ವಿಡಿಯೋದಲ್ಲಿ ಕುಂಚಿಗೆ, ಅದೇ ಮಗುವಿನ ತಲೆಗೆ ಕಟ್ಟೋ ಟೊಪ್ಪಿಗೆ. ಅದಕ್ಕೆ ಗುಳೇದಗುಡ್ಡದ ಖಣ, ಅಂದ್ರೆ ರವಿಕೆ ಬಟ್ಟೆ, ತಂದಿಟ್ಟಿದ್ದೀನಿ. ಖಣದ ಮೇಲೆ ಮೊದಲೇ ನೇಯ್ಗೆಯ ಬುಟ್ಟಾ ಇರೋದ್ರಿಂದ ಚಿತ್ರ ಒಳಗಿನ ಅಸ್ತರಿಗೆ ಹಾಕಬೇಕು. ಏನು ಚಿತ್ರ ಅಂತ ಮಗಳಿಗೆ ಕೇಳಿದ್ದೀನಿ, ಕಾಗೆ ಅಂತೆ.