ನೀವು ಬೀಗ ಹಾಕಿರುವುದು ಯಾವ ಕಳ್ಳನಿಗೆ?

[ದೃಶ್ಯ: ಹಳೆಯ ಮನೆಯೊಂದರ ಹಜಾರ. ಟಿವಿ ಪಕ್ಕದಲ್ಲಿ ವೈಫೈ ರೂಟರ್. ಅದರ ಮೇಲೆ ಕೈಹೆಣಿಗೆಯ ಬಿಳಿ ಬಟ್ಟೆ. ಹೆಣಿಗೆಯ ತೂತುಗಳಿಂದ ಹಸಿರು ದೀಪಗಳು ಮಿನುಗುತ್ತಿವೆ.]

ನಮಸ್ಕಾರ. ಈ ಡಬ್ಬಿ ನಮ್ಮ ದೊಡ್ಡಪ್ಪನ ಮನೆಯದು. ಧೂಳು ಕೂರಬಾರದೆಂದು ದೊಡ್ಡಮ್ಮ ಅದಕ್ಕೆ ಬಟ್ಟೆ ಹೊದಿಸಿದ್ದಾರೆ. ಮಿಕ್ಸಿಗೂ ಇದೇ ಮರ್ಯಾದೆ.

ದೊಡ್ಡಪ್ಪ ನಿವೃತ್ತ ಶಿಕ್ಷಕರು, ಬಲು ಎಚ್ಚರದ ಮನುಷ್ಯ. ಎಟಿಎಂನಲ್ಲಿ ಪಿನ್ ಒತ್ತುವಾಗ ಇನ್ನೊಂದು ಕೈಯನ್ನು ಛತ್ರಿಯಂತೆ ಹಿಡಿಯುತ್ತಾರೆ. ಒಟಿಪಿ ಬಂದರೆ ದೊಡ್ಡಮ್ಮನ ಮುಂದೆ ಕೂಡ ಗಟ್ಟಿಯಾಗಿ ಓದುವುದಿಲ್ಲ. ರಾತ್ರಿ ಹತ್ತಕ್ಕೆ ಸರಿಯಾಗಿ ರೂಟರಿನ ಸ್ವಿಚ್ ಆರಿಸಿ ಮಲಗುತ್ತಾರೆ. ತರಂಗಗಳು ತಲೆಗೆ ಒಳ್ಳೆಯದಲ್ಲ ಎಂಬುದು ಅವರ ವಾದ. ಆ ಸ್ವಿಚ್ಚಿನ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊನ್ನೆ ಹೋದಾಗ ಕೇಳಿದೆ: "ದೊಡ್ಡಪ್ಪ, ಈ ರೂಟರಿನ ಪಾಸ್‌ವರ್ಡ್ ಯಾವತ್ತಾದರೂ ಬದಲಾಯಿಸಿದ್ದೀರಾ?"

"ಅದನ್ನೇಕೆ ಬದಲಾಯಿಸಬೇಕಪ್ಪಾ? ಅದರೊಳಗೆ ಕದಿಯಲು ಏನಿದೆ?"

ಇಷ್ಟು ಎಚ್ಚರದ ಮನುಷ್ಯ ಇಲ್ಲಿ ಮಾತ್ರ ಏಕೆ ಇಷ್ಟು ನಿರಾಳ? ನಾನು ಮೊದಲು ಇದನ್ನು ಅಸಡ್ಡೆ ಎಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ.

[ಸಂಕಲನಕಾರರಿಗೆ: ಇಲ್ಲಿಂದ ಮುಂದೆ ಎಲ್ಲಿಯೂ ಕಪ್ಪು ಟೋಪಿಯಂಗಿ ತೊಟ್ಟು ಕತ್ತಲಲ್ಲಿ ಕೀಲಿಮಣೆ ಕುಟ್ಟುವವನ ಚಿತ್ರ ಬೇಡ. ಏಕೆಂದು ನಿಮಗೇ ಗೊತ್ತಾಗುತ್ತದೆ.]

ರಿಕ್ ವಾಶ್ ಎಂಬ ಸಂಶೋಧಕರಿದ್ದಾರೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಮನೆಯಲ್ಲಿ ಕಂಪ್ಯೂಟರ್ ಬಳಸುವ 33 ಸಾಮಾನ್ಯ ಜನರನ್ನು ಕೂರಿಸಿಕೊಂಡು ಮಾತನಾಡಿಸಿದರು. 2010ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಅವರು ಕೆದಕಿದ್ದು ಜನ ಏನನ್ನು ನಂಬುತ್ತಾರೆ ಎಂಬುದನ್ನು. ವೈರಸ್ ಎಂದರೆ ನಿಮ್ಮ ಪ್ರಕಾರ ಏನು? ಹ್ಯಾಕರ್ ಎಂದರೆ ಯಾರು? ಅವನಿಗೆ ಬೇಕಾಗಿರುವುದೇನು?

ಉತ್ತರಗಳಲ್ಲಿ ಹ್ಯಾಕರನ ನಾಲ್ಕು ಮುಖಗಳು ಕಂಡವು. ಕೆಲವರ ಪಾಲಿಗೆ ಅವನು ಗೋಡೆಯ ಮೇಲೆ ಗೀಚುವ ಪುಂಡ ಹುಡುಗ. ತನ್ನ ಕೈಚಳಕ ತೋರಿಸಲು ಬಂದವನು. ಇನ್ನು ಕೆಲವರಿಗೆ ಕನ್ನ ಹಾಕುವ ಕಳ್ಳ: ಬಾಗಿಲು ತೆರೆದಿರುವ ಮನೆ ಸಿಕ್ಕರೆ ನುಗ್ಗುತ್ತಾನೆ, ಬ್ಯಾಂಕಿನ ವಿವರ ದೋಚುತ್ತಾನೆ. ಮೂರನೆಯವನು ದೊಡ್ಡ ಮೀನಿಗೆ ಮಾತ್ರ ಗಾಳ ಹಾಕುವವನು, ಶ್ರೀಮಂತರು ಮತ್ತು ಹೆಸರುವಾಸಿಗಳೇ ಅವನ ಗುರಿ. ನಾಲ್ಕನೆಯವನಿಗೆ ಒಬ್ಬೊಬ್ಬರ ಮನೆಯ ಗೊಡವೆಯೇ ಇಲ್ಲ. ಒಂದೇ ಕಡೆ ಲಕ್ಷಾಂತರ ಜನರ ವಿವರ ಇಟ್ಟಿರುವ ಬ್ಯಾಂಕು, ಕಂಪನಿಗಳಿಗೆ ಅವನು ಕೈ ಹಾಕುತ್ತಾನೆ.

ಈಗ ನೋಡಿ. ಕನ್ನಗಳ್ಳನನ್ನು ಕಲ್ಪಿಸಿಕೊಂಡವರು ಬಾಗಿಲು ಭದ್ರ ಮಾಡುತ್ತಾರೆ. ದೊಡ್ಡ ಮೀನಿನವನನ್ನು ಕಲ್ಪಿಸಿಕೊಂಡವರು ನಾವು ಸಣ್ಣ ಮೀನು ಎಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಇಬ್ಬರ ತರ್ಕವೂ ಸರಿಯಾಗಿಯೇ ಇದೆ. ಯಾವ ಕಳ್ಳನನ್ನು ನಂಬಿದ್ದಾರೋ ಆ ಕಳ್ಳನಿಗೆ ತಕ್ಕ ಬೀಗ. ನಮ್ಮ ದೊಡ್ಡಪ್ಪನ ಕಳ್ಳನಿಗೆ ಬೇಕಾಗಿರುವುದು ಪಿಂಚಣಿಯ ಹಣ. ಹಾಗಾಗಿ ಹಣದ ದಾರಿಯಲ್ಲೆಲ್ಲ ಕಾವಲು, ರೂಟರಿನ ಮೇಲೆ ಬರೀ ಬಟ್ಟೆ.

ತೊಂದರೆ ಎಂದರೆ, ಈ ನಾಲ್ವರಲ್ಲಿ ಯಾರನ್ನೂ ಹೋಲದ ಐದನೆಯವನೊಬ್ಬ ಇದ್ದಾನೆ. ಅವನಿಗೆ ನಿಮ್ಮ ಹಣ ಬೇಡ, ನಿಮ್ಮ ಫೋಟೋ ಬೇಡ, ನಿಮ್ಮ ಹೆಸರೂ ಬೇಡ. ಅವನಿಗೆ ಬೇಕಾಗಿರುವುದು ಆ ಡಬ್ಬಿಯೇ.

[ದೃಶ್ಯ: ಕತ್ತಲಲ್ಲಿ ಒಂದು ಹಸಿರು ದೀಪ. ನಿಧಾನವಾಗಿ ಪರದೆಯ ತುಂಬ ಸಾವಿರಾರು ದೀಪಗಳು.]

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಅಂದರೆ ಕೇಡು ಮಾಡುವ ತಂತ್ರಾಂಶ, ಹುಟ್ಟಿತು. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ಭವಿಷ್ಯ ಎಂದು ಅರ್ಥ. ಅದು ಮಾಡುತ್ತಿದ್ದುದರಲ್ಲಿ ಯಾವ ಜಾಣತನವೂ ಇರಲಿಲ್ಲ. ಅಂತರಜಾಲದಲ್ಲಿ ಸಿಕ್ಕ ಸಿಕ್ಕ ವಿಳಾಸದ ಬಾಗಿಲು ತಟ್ಟುವುದು. ಅತ್ತ ಕಡೆ ರೂಟರೋ ಸಿಸಿಟಿವಿ ಕ್ಯಾಮೆರಾವೋ ಓಗೊಟ್ಟರೆ, ತನ್ನ ಬಳಿ ಇದ್ದ ಅರವತ್ತು ಚಿಲ್ಲರೆ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುವುದು. ಅಡ್ಮಿನ್, ಅಡ್ಮಿನ್. ರೂಟ್, 123456. ಕಾರ್ಖಾನೆಯಲ್ಲಿ ಇಟ್ಟು ಕಳುಹಿಸಿದ, ಯಾರೂ ಬದಲಾಯಿಸದ ಪಾಸ್‌ವರ್ಡುಗಳು. ಇಷ್ಟರಿಂದಲೇ ಉತ್ತುಂಗದಲ್ಲಿದ್ದಾಗ ಸುಮಾರು 6 ಲಕ್ಷ ಸಾಧನಗಳು ಅದರ ವಶವಾಗಿದ್ದವು.

ಅದನ್ನು ಬರೆದವರು ಅಮೆರಿಕದ ಮೂವರು ಯುವಕರು. 2017ರ ಡಿಸೆಂಬರ್‌ನಲ್ಲಿ ಮೂವರೂ ತಪ್ಪೊಪ್ಪಿಕೊಂಡರು. ಆದರೆ ಅಷ್ಟರೊಳಗೆ ಅದರ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಎಲ್ಲರ ಕೈಗೂ ಸಿಕ್ಕಿಬಿಟ್ಟಿತ್ತು. 2016ರ ಅಕ್ಟೋಬರ್ 21ರಂದು ಇಂಥ ವಶವಾದ ಡಬ್ಬಿಗಳು ಒಟ್ಟಾಗಿ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದವು. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ಅಂಕಿಗಳ ವಿಳಾಸ ಕೊಡುವುದು ಆ ಕಂಪನಿಯ ಕೆಲಸ, ದೂರವಾಣಿ ಡೈರೆಕ್ಟರಿ ಇದ್ದ ಹಾಗೆ. ಅದು ಕುಸಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್ ಎಲ್ಲವೂ ಗಂಟೆಗಟ್ಟಲೆ ಅಮೆರಿಕದ ಬಹಳಷ್ಟು ಜನರಿಗೆ ಸಿಗಲಿಲ್ಲ.

ಆ ದಿನ ದಾಳಿಯಲ್ಲಿ ಪಾಲ್ಗೊಂಡ ಕ್ಯಾಮೆರಾಗಳ ಯಜಮಾನರಿಗೆ ಏನಾಯಿತು? ಏನೂ ಆಗಲಿಲ್ಲ. ಒಂದು ರೂಪಾಯಿಯೂ ಹೋಗಲಿಲ್ಲ. ಇಂಟರ್ನೆಟ್ ಕೊಂಚ ನಿಧಾನವಾಗಿರಬಹುದು, ಅಷ್ಟೇ. ನಮ್ಮ ಹಿತ್ತಿಲಿನಿಂದ ಕಲ್ಲು ಆರಿಸಿಕೊಂಡು ಯಾರೋ ಊರಾಚೆಯ ಮನೆಗೆ ಎಸೆಯುತ್ತಿದ್ದರೆ ನಮಗೆ ತಿಳಿಯುವುದಾದರೂ ಹೇಗೆ?

ಇನ್ನು ಆ ಸ್ವಿಚ್. ಮಿರಾಯ್ ಸಾಧನದ ತಾತ್ಕಾಲಿಕ ನೆನಪಿನಲ್ಲಷ್ಟೇ ಇರುತ್ತಿತ್ತು. ಕರೆಂಟು ಹೋದರೆ ಅದೂ ಹೋಯಿತು. ಅಂದರೆ ತರಂಗಗಳ ಭಯದಿಂದ ದೊಡ್ಡಪ್ಪ ಪ್ರತಿ ರಾತ್ರಿ ಮಾಡುವ ಕೆಲಸ ಆ ಕುತಂತ್ರಾಂಶವನ್ನು ಗುಡಿಸಿ ಹಾಕುತ್ತಿತ್ತು! 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ಕುತಂತ್ರಾಂಶ ಕಾಣಿಸಿಕೊಂಡಾಗ ಅಮೆರಿಕದ ಎಫ್‌ಬಿಐ ಜನರಿಗೆ ಕೊಟ್ಟ ಸಲಹೆಯೂ ಇದೇ: ನಿಮ್ಮ ರೂಟರನ್ನು ಒಮ್ಮೆ ಆರಿಸಿ ಹಚ್ಚಿ. ಇದನ್ನು ಹೇಳಿದಾಗ ದೊಡ್ಡಪ್ಪನ ಮುಖ ನೋಡಬೇಕಿತ್ತು. ಆದರೆ ಪೂರ್ತಿ ಹಿಗ್ಗಲು ನಾನು ಬಿಡಲಿಲ್ಲ. ಪಾಸ್‌ವರ್ಡ್ ಹಳೆಯದೇ ಆಗಿದ್ದರೆ ಬೆಳಗ್ಗೆ ಸ್ವಿಚ್ ಹಾಕಿ ಕಾಫಿ ಕುಡಿದು ಮುಗಿಸುವುದರೊಳಗೆ ಮಿರಾಯ್ ಮತ್ತೆ ಒಳಗೆ ಬಂದಿರಬಹುದು. ವಿಪಿಎನ್‌ಫಿಲ್ಟರ್ ಅಂತೂ ಆರಿಸಿದರೂ ತನ್ನ ಬೇರನ್ನು ಉಳಿಸಿಕೊಳ್ಳುತ್ತಿತ್ತು.

[ದೃಶ್ಯ: ಗೋಡೆ ಗಡಿಯಾರ. ಹಿನ್ನೆಲೆಯಲ್ಲಿ ಫೋನ್ ರಿಂಗಣ.]

ಸರಿ, ಜನರಿಗೆ ಸಲಹೆಗಳು ಕಡಿಮೆಯಾಗಿವೆಯೇ? ಇಲ್ಲ. ಸಲಹೆಗಳ ಮಳೆಯೇ ಸುರಿಯುತ್ತಿದೆ. ಸ್ವಲ್ಪ ಕಾಲದ ಹಿಂದೆ ಯಾರಿಗೆ ಕರೆ ಮಾಡಿದರೂ ಮೊದಲು ಸೈಬರ್ ವಂಚನೆಯ ಎಚ್ಚರಿಕೆ ಕೇಳಿಯೇ ಮುಂದೆ ಹೋಗಬೇಕಿತ್ತಲ್ಲ, ನೆನಪಿದೆಯೇ? ಆ ಧ್ವನಿ ಶುರುವಾದ ಕೂಡಲೇ ಫೋನನ್ನು ಕಿವಿಯಿಂದ ದೂರ ಹಿಡಿದವರಲ್ಲಿ ನಾನೂ ಒಬ್ಬ.

ಮೈಕ್ರೋಸಾಫ್ಟ್ ರಿಸರ್ಚ್‌ನ ಕೋರ್ಮ್ಯಾಕ್ ಹರ್ಲಿ 2009ರಲ್ಲಿ ಇದರ ಲೆಕ್ಕ ಹಾಕಿದ್ದರು. ಅಮೆರಿಕದ ಅಂತರಜಾಲ ಬಳಕೆದಾರರೆಲ್ಲ ವೆಬ್ ವಿಳಾಸಗಳನ್ನು ಪರೀಕ್ಷಿಸಲು ದಿನಕ್ಕೆ ಒಂದೇ ಒಂದು ನಿಮಿಷ ವ್ಯಯಿಸಿದರೂ, ಆ ಸಮಯದ ಬೆಲೆ ನಕಲಿ ತಾಣಗಳ ವಂಚನೆಯಿಂದಾಗುವ ಒಟ್ಟು ನಷ್ಟದ ನೂರು ಪಟ್ಟಿನಷ್ಟಾಗುತ್ತದೆ. ಹಾಗಾದರೆ ಸಲಹೆಯನ್ನು ಕಿವಿಗೆ ಹಾಕಿಕೊಳ್ಳದ ಸಾಮಾನ್ಯ ಮನುಷ್ಯ ದಡ್ಡನಲ್ಲ, ಲೆಕ್ಕ ಬಲ್ಲವನು ಎಂದರು ಹರ್ಲಿ. ನನಗೆ ಈ ವಾದ ಬಹಳ ಇಷ್ಟ, ಆದರೆ ಅರ್ಧಕ್ಕೆ ನಿಲ್ಲುತ್ತದೆ. ಸರಾಸರಿ ನಷ್ಟ ಕಡಿಮೆ ಇರಬಹುದು. ಆದರೆ ನಷ್ಟ ಸರಾಸರಿಯಾಗಿ ಹಂಚಿಕೆಯಾಗುವುದಿಲ್ಲ. ನೂರು ಮನೆಗಳಲ್ಲಿ ಏನೂ ಆಗದೆ ಒಂದು ಮನೆಯಲ್ಲಿ ಮಗಳ ಮದುವೆಗೆ ಕೂಡಿಟ್ಟ ಗಂಟು ಪೂರ್ತಿ ಹೋಗುತ್ತದೆ.

ಸಲಹೆಗಳೂ ಸಾಚಾ ಅಲ್ಲ ಎನ್ನುವುದು ಇನ್ನೊಂದು ಕಥೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಎಂದು ಕಚೇರಿಗಳಲ್ಲಿ ನಮ್ಮ ಪ್ರಾಣ ತಿಂದರಲ್ಲ, ಆ ನಿಯಮದ ಒಂದು ಮೂಲ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2003ರಲ್ಲಿ ಹೊರತಂದ ಕೈಪಿಡಿ. ಬರೆದವರು ಬಿಲ್ ಬರ್. 2017ರಲ್ಲಿ ಆ ಸಂಸ್ಥೆಯೇ ನಿಯಮವನ್ನು ಕೈಬಿಟ್ಟಿತು. ತಾನು ಬರೆದಿದ್ದರ ಬಗ್ಗೆ ಬರ್ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಬದಲಾಯಿಸಿ ಎಂದು ಪೀಡಿಸಿದರೆ ಜನ ಕೊನೆಯ 1 ತೆಗೆದು 2 ಹಾಕುತ್ತಾರೆ, ಇಷ್ಟೇ ಆದದ್ದು. ನಾನು 7ರವರೆಗೆ ಹೋಗಿದ್ದೆ.

ತಜ್ಞರು ತಮ್ಮ ಮನೆಯಲ್ಲಿ ಏನು ಮಾಡುತ್ತಾರೆ? ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 231 ತಜ್ಞರನ್ನೂ 294 ಸಾಮಾನ್ಯ ಬಳಕೆದಾರರನ್ನೂ ಇದನ್ನೇ ಕೇಳಲಾಗಿತ್ತು: ಸುರಕ್ಷಿತವಾಗಿರಲು ನೀವು ಮಾಡುವ ಮುಖ್ಯ ಕೆಲಸಗಳು ಯಾವುವು?

[ಪರದೆಯ ಮೇಲೆ: ತಂತ್ರಾಂಶ ಅಪ್‌ಡೇಟ್ ಎಂದವರು. ತಜ್ಞರು ಶೇ. 35. ಸಾಮಾನ್ಯರು ಶೇ. 2.]

ಸಾಮಾನ್ಯ ಜನ ಹೆಚ್ಚಾಗಿ ಹೇಳಿದ್ದು ಆ್ಯಂಟಿವೈರಸ್, ಪರಿಚಿತ ತಾಣಗಳಿಗಷ್ಟೇ ಹೋಗುವುದು, ಪಾಸ್‌ವರ್ಡ್ ಆಗಾಗ ಬದಲಾಯಿಸುವುದು. ಅಪ್‌ಡೇಟ್ ಎಂದರೆ ನಮ್ಮಲ್ಲಿ ಎಷ್ಟೋ ಮಂದಿಗೆ ಡೇಟಾ ತಿನ್ನುವ, ಬಟನ್‌ಗಳ ಜಾಗ ಬದಲಾಯಿಸುವ ಪೀಡೆ. ಆ ದೂರಿನಲ್ಲಿ ನಿಜವಿಲ್ಲದಿಲ್ಲ. ಆದರೆ ಅದರೊಳಗೆ ಗೋಡೆಯ ಬಿರುಕಿಗೆ ಮೆತ್ತುವ ಗಾರೆಯೂ ಬರುತ್ತದೆ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡಿತು, ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಗಾರೆ ಕಳಿಸಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಬಾಗಿಲು ಎರಡು ತಿಂಗಳ ಹಿಂದೆಯೇ ಬಂದು ಅಂಗಳದಲ್ಲಿ ಒರಗಿಕೊಂಡಿತ್ತು.

[ದೃಶ್ಯ: ಮೊಬೈಲ್ ಪರದೆಯಲ್ಲಿ ಖಾಕಿ ಸಮವಸ್ತ್ರದ ಅಸ್ಪಷ್ಟ ಆಕೃತಿ.]

ಹಣದ ಕಳ್ಳನ ಮಾತಿಗೆ ಬರೋಣ. ಒಟಿಪಿ ಬಗ್ಗೆ ದೊಡ್ಡಪ್ಪನಿಗೆ ಇರುವ ಶಿಸ್ತು ಭಾಷಣಗಳಿಂದ ಬಂದಿಲ್ಲ. 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣ ಬೇಕೇ ಬೇಕು ಎಂದು ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟು ಮಾಡಿತು. ದಿನವೂ ಬಳಸುತ್ತ ಬಳಸುತ್ತ ಅದು ಮೈಗೂಡಿತು. ಹೀಗೆ ಬೀಗ ಗಟ್ಟಿಯಾದಾಗ ಕಳ್ಳ ವೇಷ ಬದಲಾಯಿಸಿದ. ಈಗ ಅವನು ಪೊಲೀಸನಾಗಿ ಬಂದು, ನೀವೇ ಕಳ್ಳರು ಎನ್ನುತ್ತಾನೆ.

"ಡಿಜಿಟಲ್ ಅರೆಸ್ಟ್" ನಡೆಯುವುದೇ ಹೀಗೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲಿ ಅಂಥದೊಂದು ಕರೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಅದನ್ನು ದಾಖಲಿಸಿಕೊಂಡವರು ನಮ್ಮ ವಿಜಯಪುರದವರು. ಯಾವ ತನಿಖಾ ಸಂಸ್ಥೆಯೂ ಫೋನಿನಲ್ಲಿ, ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಅದು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಸಾಧ್ಯ. ಮುಸುಕು ಹಾಕಿದವನನ್ನೇ ಕಳ್ಳ ಎಂದು ಕಾಯುತ್ತ ಕುಳಿತವರಿಗೆ ಸಮವಸ್ತ್ರದವನು ಕಾಣಿಸುವುದಿಲ್ಲ. ಆ ಟೋಪಿಯಂಗಿಯ ಚಿತ್ರ ಬೇಡ ಎಂದದ್ದು ಇದಕ್ಕೇ.

ನನ್ನನ್ನು ಕೇಳಿದರೆ, ಜನರಿಗೆ ಪಾಠ ಹೇಳುವುದಕ್ಕಿಂತ ಕೆಟ್ಟ ಬಾಗಿಲನ್ನೇ ಕಿತ್ತುಹಾಕುವುದು ವಾಸಿ. ಯುಪಿಐನಲ್ಲಿ "ಹಣ ಕಳಿಸುತ್ತಿದ್ದೇನೆ, ಪಿನ್ ಹಾಕಿ" ಎಂದು ನಂಬಿಸಿ, ಹಣ ಕೇಳುವ ವಿನಂತಿ ಕಳಿಸಿ ಮೋಸ ಮಾಡುತ್ತಿದ್ದರು. ಹಣ ಪಡೆಯಲು ಪಿನ್ ಬೇಡ ಎಂದು ವರ್ಷಗಟ್ಟಲೆ ಸಾರಿದ್ದಾಯಿತು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಅಂಥ ವಿನಂತಿ ಕಳಿಸುವ ಸೌಲಭ್ಯವನ್ನೇ ನಿಲ್ಲಿಸಲಾಯಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಡಬ್ಬಿಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದು ಕಾನೂನುಬಾಹಿರ.

[ದೃಶ್ಯ: ಮತ್ತೆ ಅದೇ ಹಜಾರ. ಹೆಣಿಗೆಯ ಬಟ್ಟೆ ಪಕ್ಕಕ್ಕೆ ಸರಿದಿದೆ.]

ದೊಡ್ಡಪ್ಪ ಕೊನೆಗೆ ಒಪ್ಪಿದರು. ಇಲ್ಲಿ ಎರಡು ಪಾಸ್‌ವರ್ಡುಗಳಿವೆ, ಗೊಂದಲ ಬೇಡ. ವೈಫೈ ಪಾಸ್‌ವರ್ಡ್ ಮನೆಯೊಳಗೆ ಬರಲು. ರೂಟರಿನ ಆಡಳಿತ ಪಾಸ್‌ವರ್ಡ್ ಮನೆಯ ಬೀಗಗಳನ್ನೇ ಬದಲಾಯಿಸಲು. ನಮಗೆ ಬೇಕಾದದ್ದು ಎರಡನೆಯದು. ಬ್ರೌಸರಿನಲ್ಲಿ 192.168.1.1 ಒತ್ತಿದೆ, ನಿಮ್ಮ ರೂಟರಿನಲ್ಲಿ ವಿಳಾಸ ಬೇರೆ ಇರಬಹುದು, ತಳದ ಚೀಟಿಯಲ್ಲಿ ನೋಡಿ. ನಮ್ಮದರಲ್ಲಿ ಆ ಚೀಟಿಯ ಪಾಸ್‌ವರ್ಡ್ ನಡೆಯಲಿಲ್ಲ. ಸಂಪರ್ಕ ಕೊಟ್ಟ ಹುಡುಗನಿಗೆ ಫೋನ್ ಮಾಡಿದೆವು.

"ಅದು ನಾವು ಬೇರೆ ಇಟ್ಟಿರುತ್ತೇವೆ ಸಾರ್," ಎಂದು ತಟ್ಟನೆ ಹೇಳಿಬಿಟ್ಟ. "ನಿಮ್ಮ ಬಡಾವಣೆಗೆಲ್ಲ ಒಂದೇ. ನಮಗೆ ನೆನಪಿಡಲು ಸುಲಭ."

ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ, ಶಾಲೆಯಲ್ಲಿ ತಪ್ಪು ಉತ್ತರ ಹೇಳಿದವನನ್ನು ನೋಡುವ ಹಾಗೆ, ಫೋನಿನ ಕಡೆ ನೋಡಿದರು.

ಹೊಸ ಪಾಸ್‌ವರ್ಡನ್ನು ಅವರೇ ಆರಿಸಿದರು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಮೊಳೆಗೆ ನೇತುಹಾಕಿದ್ದ ಪಂಚಾಂಗ ಇಳಿಸಿ, ಅದರ ಕೊನೆಯ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟರು. ಬೇಡ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಐದನೆಯ ಕಳ್ಳ ಎಷ್ಟೇ ದೂರದಿಂದ ಬಾಗಿಲು ತಟ್ಟಲಿ, ಆ ಮೊಳೆಯವರೆಗೆ ಅವನ ಕೈ ಚಾಚುವುದಿಲ್ಲ.

"ಯುಗಾದಿಗೆ ಹೊಸ ಪಂಚಾಂಗ ಬರುತ್ತದಲ್ಲ ದೊಡ್ಡಪ್ಪ, ಆಗ ಇದನ್ನು ಎತ್ತಿ ಬರೆದುಕೊಳ್ಳುವುದನ್ನು ಮರೆಯಬೇಡಿ," ಎಂದಷ್ಟೇ ಹೇಳಿದೆ.

[ದೃಶ್ಯ: ದೊಡ್ಡಮ್ಮನ ಕೈ ಬಟ್ಟೆಯನ್ನು ರೂಟರಿನ ಮೇಲೆ ಮತ್ತೆ ನೀಟಾಗಿ ಹೊದಿಸುತ್ತದೆ. ಸ್ವಿಚ್ ಆರುವ ಸದ್ದು. ಹಸಿರು ದೀಪಗಳು ಆರುತ್ತವೆ.]